ಕೋಲ್ಟ್ರೇನರ ವಾದನವೂ ಶ್ರೋತೃಗಳ ವಾದವೂ

1962ನೆಯ ಇಸವಿಯ ಜನವರಿ ತಿಂಗಳಲ್ಲಿ ಅಮೆರಿಕದ ‘ಡೌನ್‌ಬೀಟ್’ ಎಂಬ ಜಾಝ್ ಸಂಗೀತದ ಪತ್ರಿಕೆಯು ಒಂದೇ ಧ್ವನಿಮುದ್ರಿಕೆಯ ಮೇಲೆ ಎರಡು ವಿಮರ್ಶೆಗಳನ್ನು ಒಟ್ಟಿಗೆ ಪ್ರಕಟಿಸಿತು. ಧ್ವನಿಮುದ್ರಿಕೆಯ ಯೋಗ್ಯತೆಯನ್ನು ನಕ್ಷತ್ರಗಳಿಂದ ಸೂಚಿಸುವುದು ಆ ಪತ್ರಿಕೆಯ ಪದ್ಧತಿ. ಐದು ನಕ್ಷತ್ರಗಳು ದೊರೆತರೆ ಅದು ಸರ್ವೋತ್ಕೃಷ್ಟವೆಂದು ಅರ್ಥ. ಪೀಟ್ ವೆಲ್ಡಿಂಗ್ ಎಂಬ ವಿಮರ್ಶಕರು ಐದನ್ನೂ ಕೊಟ್ಟರು. ಜಾನ್ ಟೈನನ್ ಎಂಬವರು ಒಂದನ್ನೂ ಕೊಡಲಿಲ್ಲ. ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೋಫೋನ್ ವಾದಕರು ಇಮ್ಮಡಿಗೊಳಿಸಿದ ಚತುಷ್ಟಯವೊಂದನ್ನು ಕಟ್ಟಿಕೊಂಡು, ಎಡಗಡೆಗೆ ನಾಲ್ವರನ್ನೂ ಬಲಗಡೆಗೆ ನಾಲ್ವರನ್ನೂ ನಿಲ್ಲಿಸಿ, ಸುಮಾರು 37 ನಿಮಿಷಗಳ ಕಾಲ ತಡೆಯಿಲ್ಲದೆ ನುಡಿಸಿದ ‘ಫ್ರೀ ಜಾಝ್’ ಎಂಬುದೇ ಆ ಕೃತಿ. ಇಬ್ಬರೂ ಆ ಸಂಗೀತದ ಸಂಪ್ರದಾಯವನ್ನು ಬಲ್ಲವರು, ಒಂದೇ ಪತ್ರಿಕೆಗೆ ಬರೆಯುತ್ತಿದ್ದವರು. ಅಂಥ ಇಬ್ಬರು ಒಂದೇ ನಾದವನ್ನು ಕೇಳಿ, ಒಬ್ಬರು ಪೂರ್ಣವನ್ನೂ ಇನ್ನೊಬ್ಬರು ಶೂನ್ಯವನ್ನೂ ಕಂಡರೆಂದರೆ, ಆ ಭೇದವನ್ನು ‘ಲೋಕೋ ಭಿನ್ನರುಚಿಃ’ ಎಂಬ ಹಳೆಯ ಸಮಾಧಾನದಿಂದ ಮುಚ್ಚಿಬಿಡುವುದು ನನಗೆ ಸರಿಯೆಂದು ತೋರುವುದಿಲ್ಲ. ಅವರಿಬ್ಬರ ನಡುವಣ ಭಿನ್ನತೆ ರುಚಿಯದ್ದಷ್ಟೇ ಆಗಿರಲಿಲ್ಲ. ಸಂಗೀತದಲ್ಲಿ ಕಿವಿಯು ಯಾವುದನ್ನು ಆಧಾರವಾಗಿ ಹಿಡಿದು ನಡೆಯಬೇಕೆಂಬ ಪ್ರಶ್ನೆಗೆ ಅವರಿಬ್ಬರೂ ಬೇರೆಬೇರೆ ಉತ್ತರಗಳನ್ನು ಇಟ್ಟುಕೊಂಡಿದ್ದರು. ಆಧುನಿಕ ಜಾಝ್ ಸ್ಯಾಕ್ಸೋಫೋನಿನ ವಿಷಯದಲ್ಲಿ ಇಂದಿಗೂ ಮುಗಿಯದಿರುವ ಕಲಹದ ಬೇರು ಇಲ್ಲಿದೆ.

ಸ್ಯಾಕ್ಸೋಫೋನು ಅಷ್ಟೇನೂ ಪ್ರಾಚೀನವಾದ ವಾದ್ಯವಲ್ಲ. ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿಯು 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕನ್ನು ಪಡೆದರು. ಒಡಲು ಹಿತ್ತಾಳೆಯದು, ಆದರೆ ಧ್ವನಿಯನ್ನು ಹುಟ್ಟಿಸುವುದು ಬಾಯಲ್ಲಿಟ್ಟುಕೊಳ್ಳುವ ಜೊಂಡಿನ ತೆಳುವಾದ ರೀಡು. ಈ ಎರಡರ ಸಂಯೋಗದಿಂದಲೇ ಆ ವಾದ್ಯಕ್ಕೆ ಮನುಷ್ಯಕಂಠದ ಸಾಮೀಪ್ಯ ಒದಗಿದೆ: ಪಿಸುಗುಟ್ಟುವುದು, ಗದ್ಗದಿಸುವುದು, ಗುಡುಗುವುದು, ಕೊನೆಗೆ ಚೀರುವುದು, ಇವೆಲ್ಲವೂ ಅದಕ್ಕೆ ಸಾಧ್ಯ. ಉಸಿರಿನ ಒತ್ತಡವನ್ನೂ ತುಟಿಯ ಹಿಡಿತವನ್ನೂ ಬೆರಳುಗಳ ವಿನ್ಯಾಸವನ್ನೂ ಬದಲಿಸಿದರೆ ವಾದ್ಯದ ಸಹಜ ವ್ಯಾಪ್ತಿಯನ್ನು ಮೀರಿದ ತಾರಸ್ವರಗಳು ಹೊರಡುತ್ತವೆ. ಒಂದೇ ಉಸಿರಿನಲ್ಲಿ ಎರಡು ಮೂರು ಸ್ವರಗಳು ಒಟ್ಟಾಗಿ ಒಡೆದು ಬರುವುದೂ ಉಂಟು. ಶಾಸ್ತ್ರೀಯ ವಾದ್ಯವೃಂದದ ಅಧ್ಯಾಪಕರು ದೋಷವೆಂದು ತಿದ್ದುವ ಈ ಧ್ವನಿಗಳನ್ನು ಜಾಝ್ ವಾದಕರು ಸಾಧನೆ ಮಾಡಿ ವಶಪಡಿಸಿಕೊಂಡರು. ಒಬ್ಬನ ಕಿವಿಗೆ ಅಪಶ್ರುತಿಯಾದದ್ದು ಮತ್ತೊಬ್ಬನ ಕಿವಿಗೆ ಆರ್ತಧ್ವನಿಯಾಗುವ ಸಂಭವವು ಹೀಗೆ ವಾದ್ಯದ ಹುಟ್ಟಿನಲ್ಲಿಯೇ ಅಡಗಿದೆ.

ಇನ್ನು ಮನೋಧರ್ಮದ ವಿಚಾರ. ಜಾಝ್ ವಾದಕನು ಮನಸ್ಸಿಗೆ ತೋರಿದ್ದನ್ನು ನುಡಿಸುತ್ತಾನೆಂದು ಹೊರಗಿನವರು ಭಾವಿಸುವುದುಂಟು. ವಾಸ್ತವದಲ್ಲಿ ಅವನ ಕಾಲ ಕೆಳಗೆ ಕಟ್ಟುನಿಟ್ಟಾದ ನೆಲಗಟ್ಟೊಂದಿರುತ್ತದೆ. ಹನ್ನೆರಡು ಬಾರ್‌ಗಳ, ಎಂದರೆ ಹನ್ನೆರಡು ತಾಳಘಟಕಗಳ, ಬ್ಲೂಸ್ ಎಂಬ ಗೀತರೂಪವಾಗಲಿ, ಮೂವತ್ತೆರಡು ಬಾರ್‌ಗಳ ಜನಪ್ರಿಯ ಗೀತೆಯಾಗಲಿ, ಅದರಲ್ಲಿ ಯಾವ ಸ್ಥಳದಲ್ಲಿ ಯಾವ ಕಾರ್ಡ್, ಎಂದರೆ ಏಕಕಾಲಕ್ಕೆ ನುಡಿಯುವ ಯಾವ ಸ್ವರಸಮೂಹ ಬರಬೇಕೆಂಬುದು ಮೊದಲೇ ನಿಶ್ಚಿತ. ಆ ಚೌಕಟ್ಟು ಮತ್ತೆ ಮತ್ತೆ ಆವರ್ತಿಸುತ್ತಿರುವಾಗ ವಾದಕನು ಪ್ರತಿ ಆವೃತ್ತಿಯಲ್ಲಿಯೂ ಹೊಸದೊಂದು ರಾಗರೇಖೆಯನ್ನು ಎಳೆಯಬೇಕು. ಬಲ್ಲ ಶ್ರೋತೃವಿನ ಆನಂದವೂ ಅಲ್ಲಿಯೇ: ಅವನು ಮನಸ್ಸಿನೊಳಗೆ ಮೂಲಗೀತೆಯನ್ನು ಹಾಡಿಕೊಳ್ಳುತ್ತಾ, ವಾದಕನು ಅದರಿಂದ ಎಷ್ಟು ದೂರ ಸರಿದನು, ಸರಿದವನು ಹೇಗೆ ಹಿಂದಿರುಗಿದನು ಎಂಬುದನ್ನು ಅನುಸರಿಸುತ್ತಿರುತ್ತಾನೆ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್ ತಮ್ಮ ಆಲ್ಟೊ ಸ್ಯಾಕ್ಸೋಫೋನಿನ ಮೇಲೆ ಈ ಕ್ರಿಯೆಯನ್ನು ಅತಿವೇಗಕ್ಕೂ ಅತಿಸೂಕ್ಷ್ಮತೆಗೂ ಒಯ್ದಾಗ ಹಿರಿಯರಲ್ಲಿ ಹಲವರು ಸಿಡಿಮಿಡಿಗೊಂಡರು. ಜಾಝ್‌ನ ಪಿತಾಮಹರಲ್ಲಿ ಒಬ್ಬರಾದ ಲೂಯಿ ಆರ್ಮ್‌ಸ್ಟ್ರಾಂಗರಿಗೇ ಅದು ಸೇರಲಿಲ್ಲ. ಫ್ರಾನ್ಸಿನ ಪ್ರಸಿದ್ಧ ವಿಮರ್ಶಕ ಯೂಗ್ ಪನಾಸ್ಯೆ ಅದು ಜಾಝ್ ಅಲ್ಲವೇ ಅಲ್ಲವೆಂದು ಸಾರಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಪಾರ್ಕರರ ನುಡಿಗಟ್ಟೇ ವಿದ್ಯಾರ್ಥಿಗಳ ಪಾಠವಾಯಿತು. ಆದರೆ ಈ ಒಂದು ನಿದರ್ಶನದಿಂದ, ಇಂದು ತಿರಸ್ಕೃತವಾದುದೆಲ್ಲ ನಾಳೆ ಪುರಸ್ಕೃತವಾಗುವುದೆಂಬ ಸೂತ್ರವನ್ನು ಕಟ್ಟುವುದು ಅವಿವೇಕ. ನೂತನತೆಯ ಹೆಸರಿನಲ್ಲಿ ಹುಟ್ಟಿ ಯಾರ ಸ್ಮರಣೆಯಲ್ಲಿಯೂ ಉಳಿಯದೆ ಹೋದ ಸಂಗೀತವೂ ಬೇಕಾದಷ್ಟಿದೆ.

ಕೋಲ್ಮನ್ ಮಾಡಿದ ಸಾಹಸವು ಪಾರ್ಕರರದ್ದಕ್ಕಿಂತ ಬೇರೆ ಬಗೆಯದು. 1959ರ ನವೆಂಬರಿನಲ್ಲಿ ಅವರು ಬಿಳಿಯ ಪ್ಲಾಸ್ಟಿಕ್ ಸ್ಯಾಕ್ಸೋಫೋನೊಂದನ್ನು ಹಿಡಿದು ನ್ಯೂಯಾರ್ಕಿನ ‘ಫೈವ್ ಸ್ಪಾಟ್’ ಎಂಬ ಪಾನಗೃಹದ ವೇದಿಕೆಯನ್ನೇರಿದಾಗ ತಂಡದಲ್ಲಿ ಪಿಯಾನೋ ಇರಲಿಲ್ಲ. ಎಂದರೆ, ಕಾರ್ಡುಗಳ ಆ ಪೂರ್ವನಿಶ್ಚಿತ ನೆಲಗಟ್ಟನ್ನು ಸಾರಿ ಹೇಳುವವರೇ ಇರಲಿಲ್ಲ. ರಾಗರೇಖೆಯು ತನ್ನ ಅಂತಃಪ್ರೇರಣೆಯಂತೆ ಎಲ್ಲಿಗೆ ತಿರುಗುತ್ತದೆಯೋ ಅಲ್ಲಿಗೆ ಉಳಿದವರು ಹಿಂಬಾಲಿಸಬೇಕು. ವಾದ್ಯವೃಂದದ ನಿರ್ದೇಶಕ ಲೆನರ್ಡ್ ಬರ್ನ್‌ಸ್ಟೀನ್ ಮೆಚ್ಚಿದರು, ಪಿಯಾನೋ ವಾದಕ ಜಾನ್ ಲೂಯಿಸ್ ಮೊದಲಿನಿಂದಲೂ ಬೆಂಬಲಿಸಿದ್ದರು. ತುತ್ತೂರಿಯ ಹಿರಿಯ ವಿದ್ವಾಂಸ ರಾಯ್ ಎಲ್ಡ್ರಿಜ್, ತುತ್ತೂರಿ ವಾದಕರೇ ಆದ ಮೈಲ್ಸ್ ಡೇವಿಸ್ ಮೊದಲಾದವರು ಕಟುವಾಗಿ ಖಂಡಿಸಿದರು. ಮನಸ್ಸಿನೊಳಗೆ ಮೂಲಗೀತೆಯನ್ನು ಹಾಡಿಕೊಳ್ಳುತ್ತಾ ಕೇಳುವ ಅಭ್ಯಾಸವಿದ್ದವರಿಗೆ ಇಲ್ಲಿ ಹಾಡಿಕೊಳ್ಳಲು ಏನೂ ಉಳಿದಿರಲಿಲ್ಲವೆಂಬುದನ್ನು ನೆನೆದರೆ ಆ ಕೋಪವು ಅರ್ಥವಾಗುತ್ತದೆ. ಅದೇ ಕೋಲ್ಮನ್ನರಿಗೆ 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಆದರೆ ನಾನು ಹೆಚ್ಚಾಗಿ ಹೇಳಬೇಕೆಂದಿರುವುದು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನರ ಮಾತು. ಏಕೆಂದರೆ ಕೋಲ್ಮನ್ನರನ್ನು, ಇವರು ಬೇರೆ ಮನೆಯವರು ಎಂದು ಹೊರಗಿಟ್ಟುಬಿಡುವುದು ಸಂಪ್ರದಾಯಸ್ಥರಿಗೆ ಸುಲಭವಾಗಿತ್ತು; ಕೋಲ್ಟ್ರೇನರ ವಿಷಯದಲ್ಲಿ ಆ ಸೌಕರ್ಯವಿರಲಿಲ್ಲ. 1926ರಲ್ಲಿ ಉತ್ತರ ಕ್ಯಾರೊಲೈನಾ ಪ್ರಾಂತದ ಹ್ಯಾಮ್ಲೆಟ್ ಎಂಬ ಊರಿನಲ್ಲಿ ಹುಟ್ಟಿ, 1955ರಲ್ಲಿ ಮೈಲ್ಸ್ ಡೇವಿಸರ ತಂಡವನ್ನು ಸೇರಿ, 1957ರಲ್ಲಿ ಮಾದಕವ್ಯಸನದ ಕೂಪದಿಂದ ಸ್ವಪ್ರಯತ್ನದಿಂದಲೂ ದೈವಶ್ರದ್ಧೆಯಿಂದಲೂ ಮೇಲಕ್ಕೆದ್ದು, ಅದೇ ವರ್ಷ ಪಿಯಾನೋ ವಾದಕ ಥೆಲೋನಿಯಸ್ ಮಂಕರ ಪಕ್ಕದಲ್ಲಿ ನಿಂತು ಹೊಸ ಪಾಠಗಳನ್ನು ಕಲಿತ ಈ ಮನುಷ್ಯನು ಸಂಪ್ರದಾಯದ ಗರ್ಭದಲ್ಲಿಯೇ ಬೆಳೆದವನು. 1959ರಲ್ಲಿ ಧ್ವನಿಮುದ್ರಿಸಿದ ‘ಜಯಂಟ್ ಸ್ಟೆಪ್ಸ್’ ಎಂಬ ರಚನೆಯಲ್ಲಿ ಕಾರ್ಡುಗಳು ಮೂರು ಬೇರೆಬೇರೆ ಶ್ರುತಿಕೇಂದ್ರಗಳ ನಡುವೆ ಎಡೆಬಿಡದೆ ನೆಗೆಯುತ್ತವೆ. ಅಂಥ ವೇಗದಲ್ಲಿ ಒಂದೊಂದು ಕಾರ್ಡಿಗೂ ನ್ಯಾಯ ಸಲ್ಲಿಸುತ್ತಾ ಹೋಗುವ ಕೋಲ್ಟ್ರೇನರನ್ನು ಕೇಳಿದವನು, ಇವರಿಗೆ ನಿಯಮಗಳು ಗೊತ್ತಿಲ್ಲವೆಂದು ಹೇಳಲಾರನು. ಅದೇ ವರ್ಷ ಡೇವಿಸರ ‘ಕೈಂಡ್ ಆಫ್ ಬ್ಲೂ’ದಲ್ಲಿ ಇದಕ್ಕೆ ಪೂರ್ಣ ವಿರುದ್ಧವಾದ ಮಾರ್ಗ: ಕಾರ್ಡುಗಳ ಸಂದಣಿಯನ್ನು ತೆಗೆದುಹಾಕಿ, ಒಂದೇ ಸ್ವರಶ್ರೇಣಿಯ ಮೇಲೆ ಬಹುಕಾಲ ನೆಲೆಸುವುದು. ಈ ಎರಡನೆಯ ಮಾರ್ಗವೇ ಮುಂದೆ ಕೋಲ್ಟ್ರೇನರನ್ನು ಸೆಳೆಯಿತು. ಸ್ವರಶ್ರೇಣಿಯೊಂದನ್ನು ಹಿಡಿದು ಅದರ ಒಳಹೊರಗನ್ನು ಶೋಧಿಸುತ್ತಾ ಹೋಗುವ ಕ್ರಮವು ರಾಗಾಲಾಪನೆಯನ್ನು ಕೇಳಿ ಬೆಳೆದ ನಮಗೆ ಅಪರಿಚಿತವಲ್ಲ; ಅವರೂ ನಮ್ಮ ಸಂಗೀತದ ಧ್ವನಿಮುದ್ರಿಕೆಗಳನ್ನು ಶ್ರದ್ಧೆಯಿಂದ ಕೇಳುತ್ತಿದ್ದರು.

1960ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ರಂಗಮಂದಿರದಲ್ಲಿ ಡೇವಿಸರ ತಂಡದೊಡನೆ ಕೋಲ್ಟ್ರೇನರು ನುಡಿಸುತ್ತಿದ್ದಾಗ ಸಭಿಕರಲ್ಲಿ ಒಂದು ಪಾಲು ಸಿಳ್ಳು ಹಾಕಿತು. ಯೂರೋಪಿನ ಸಭೆಗಳಲ್ಲಿ ಸಿಳ್ಳು ಮೆಚ್ಚುಗೆಯಲ್ಲ, ಧಿಕ್ಕಾರ. ಆ ಸಂಜೆಯ ಧ್ವನಿಮುದ್ರಣ ಉಳಿದುಬಂದಿರುವುದರಿಂದ ಆ ಸಿಳ್ಳುಗಳನ್ನೂ ಅವುಗಳ ನಡುವೆಯೇ ಎದ್ದ ಚಪ್ಪಾಳೆಯನ್ನೂ ನಾವು ಇಂದಿಗೂ ಕೇಳಬಹುದು. ಮರುವರ್ಷದ ನವೆಂಬರಿನಲ್ಲಿ, ಕೋಲ್ಟ್ರೇನ್ ಮತ್ತು ಅವರ ಸಹವಾದಕ ಎರಿಕ್ ಡಾಲ್ಫಿ ಜೊತೆಗೂಡಿ ಕ್ಯಾಲಿಫೋರ್ನಿಯಾದಲ್ಲಿ ನುಡಿಸಿದ್ದನ್ನು ಕೇಳಿದ ಅದೇ ಜಾನ್ ಟೈನನ್ ‘ಡೌನ್‌ಬೀಟ್’ನಲ್ಲಿ ಅದಕ್ಕೆ ‘ಜಾಝ್‌ವಿರೋಧಿ’ ಎಂಬ ಹಣೆಪಟ್ಟಿಯನ್ನು ಅಂಟಿಸಿದರು. 1962ರ ಏಪ್ರಿಲಿನಲ್ಲಿ ಪತ್ರಿಕೆಯು ಇಬ್ಬರು ವಾದಕರಿಗೂ ಉತ್ತರ ಹೇಳುವ ಅವಕಾಶವನ್ನಿತ್ತಿತು. ಕೋಲ್ಟ್ರೇನರು ಸಿಟ್ಟಿನಿಂದ ಪ್ರತಿವಾದ ಹೂಡದೆ, ವಾದಕನು ಈ ವಿಶ್ವದಲ್ಲಿ ತಾನು ಕಂಡ ಅದ್ಭುತಗಳ ಚಿತ್ರವನ್ನು ಶ್ರೋತೃವಿಗೆ ಕೊಡಬಯಸುತ್ತಾನೆಂಬ ಅರ್ಥದ ಮಾತನ್ನು ಮೆಲ್ಲಗೆ ಆಡಿದರು. ಡಾಲ್ಫಿಯವರು ತಾವು ಹಕ್ಕಿಗಳ ಕೂಜನವನ್ನು ಅನುಸರಿಸಿ ನುಡಿಸುತ್ತಿದ್ದುದನ್ನು ಪ್ರಸ್ತಾಪಿಸಿದರು. ವಿಮರ್ಶಕನು ನಿಯಮದ ಭಾಷೆಯಲ್ಲಿ ಪ್ರಶ್ನಿಸಿದ್ದನು; ಕಲಾವಿದನು ದರ್ಶನದ ಭಾಷೆಯಲ್ಲಿ ಉತ್ತರಿಸಿದನು. ಅವೆರಡೂ ಸಂಧಿಸಲಿಲ್ಲ. ಟೈನನ್ನರ ಆಕ್ಷೇಪಕ್ಕೆ ನಿಯಮದ ಭಾಷೆಯಲ್ಲಿಯೇ ಉತ್ತರವಿತ್ತೆಂಬುದು ನನ್ನ ನಂಬಿಕೆ. ಆ ಉತ್ತರವು ಲೇಖನದಲ್ಲಿಲ್ಲ, ವಾದನದಲ್ಲಿದೆ.

ಅದೇ 1961ರ ನವೆಂಬರಿನ ಮೊದಲ ವಾರದಲ್ಲಿ ನ್ಯೂಯಾರ್ಕಿನ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ನೆಲಮಾಳಿಗೆಯ ಇಕ್ಕಟ್ಟಾದ ಸಂಗೀತಗೃಹದಲ್ಲಿ ಮುದ್ರಿತವಾದ ‘ಚೇಸಿನ್ ದ ಟ್ರೇನ್’ ಎಂಬುದೇ ನಾನು ಹೇಳುತ್ತಿರುವ ವಾದನ. ಅತ್ತಿತ್ತ ಚಲಿಸುತ್ತಾ ನುಡಿಸುತ್ತಿದ್ದ ಕೋಲ್ಟ್ರೇನರನ್ನು ಮೈಕ್ ಹಿಡಿದು ಬೆನ್ನಟ್ಟಬೇಕಾಗಿ ಬಂದ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಹೆಚ್ಚು ಕಡಿಮೆ 16 ನಿಮಿಷಗಳ ಉದ್ದ. ಪಿಯಾನೋ ವಾದಕ ಮಕಾಯ್ ಟೈನರ್ ಕೈಕಟ್ಟಿ ಕುಳಿತಿದ್ದಾರೆ. ಟೆನರ್ ಸ್ಯಾಕ್ಸೋಫೋನಿಗೆ ಸಂಗಡಿಗರೆಂದರೆ ಜಿಮ್ಮಿ ಗ್ಯಾರಿಸನ್ನರ ಬೇಸ್ ಮತ್ತು ಎಲ್ವಿನ್ ಜೋನ್ಸರ ಡ್ರಮ್ಸ್ ಮಾತ್ರ. ಪೀಠಿಕೆಯಿಲ್ಲ, ಪಲ್ಲವಿಯೆಂದು ಹೇಳಬಹುದಾದ ರಾಗವಿಲ್ಲ. ಮೊದಲ ಕ್ಷಣದಿಂದಲೇ ಮನೋಧರ್ಮದ ಪ್ರವಾಹಕ್ಕೆ ಶ್ರೋತೃವನ್ನು ನೂಕಿಬಿಡುತ್ತಾರೆ. ಸಣ್ಣ ಸಣ್ಣ ಸ್ವರಖಂಡಗಳು ಹುಟ್ಟುತ್ತವೆ. ಒಂದನ್ನು ಹಿಡಿದು ತಿರುವಿ, ಮುರಿದು, ಮೇಲಿನ ಸ್ಥಾಯಿಗೆ ಎಸೆದು, ಅಲ್ಲಿಂದ ಅದೇ ಮಾತಿಗೆ ಕೆಳಗಿನ ಸ್ಥಾಯಿಯಲ್ಲಿ ಉತ್ತರ ಕೊಡಿಸುವುದರಿಂದ ಒಂದೇ ವಾದ್ಯದಲ್ಲಿ ಇಬ್ಬರು ಸಂವಾದ ನಡೆಸಿದ ಭ್ರಾಂತಿ ಹುಟ್ಟುತ್ತದೆ. ನಡುನಡುವೆ ಸ್ವರವು ಬಿರಿದು ಕೂಗಾಗುತ್ತದೆ, ಕೂಗು ಮತ್ತೆ ಸ್ವರಕ್ಕೆ ಇಳಿಯುತ್ತದೆ. ಇದು ಅರಾಜಕತೆಯೆಂದು ತೋರುವುದು ಸಹಜ. ಆದರೆ ಇದು ಹನ್ನೆರಡು ಬಾರ್‌ಗಳ ಬ್ಲೂಸ್. ಜಾಝ್‌ನಲ್ಲಿ ಅದಕ್ಕಿಂತ ಹಳೆಯದೂ ಸರಳವೂ ಆದ ಚೌಕಟ್ಟು ಮತ್ತೊಂದಿಲ್ಲ. ಆ ಚೌಕಟ್ಟು ಸುಮಾರು 80 ಬಾರಿ ಸುತ್ತಿಬರುತ್ತದೆ. ಅದನ್ನು ಸಾರಿ ಹೇಳಬೇಕಾದ ಪಿಯಾನೋ ಇಲ್ಲದಿರುವುದರಿಂದಲೂ, ಆವೃತ್ತಿಗಳ ಗಡಿಯನ್ನು ಕೋಲ್ಟ್ರೇನರು ಬೇಕೆಂದೇ ದಾಟಿ ನುಡಿಸುವುದರಿಂದಲೂ ಅದು ಮರೆಯಾಗಿದೆಯೇ ಹೊರತು ಇಲ್ಲವಾಗಿಲ್ಲ. ಬೇಸಿನ ನಡಿಗೆಯನ್ನು ಮಾತ್ರ ಹಿಡಿದು ಕೇಳಿದವನಿಗೆ ಅದು ಕೈಗೆ ಸಿಕ್ಕುತ್ತದೆ. ಒಮ್ಮೆ ಸಿಕ್ಕಿದ ಮೇಲೆ, ಮೇಲೆ ನಡೆಯುತ್ತಿರುವ ಸಾಹಸದ ಪ್ರಮಾಣ ತಿಳಿಯುತ್ತದೆ.

ಈ ಕೃತಿಯಿರುವ ಧ್ವನಿಮುದ್ರಿಕೆಯನ್ನೂ ‘ಡೌನ್‌ಬೀಟ್’ ಇಬ್ಬರಿಂದ ವಿಮರ್ಶೆ ಮಾಡಿಸಿತು. ಅವರಲ್ಲಿ ಒಬ್ಬರಾದ ಐರಾ ಗಿಟ್ಲರ್ 1958ರಲ್ಲಿ ಕೋಲ್ಟ್ರೇನರ ವೇಗದ ಸ್ವರಧಾರೆಗಳಿಗೆ ‘ನಾದದ ಹಾಳೆಗಳು’ ಎಂಬ ಹೆಸರನ್ನಿತ್ತು ಕೊಂಡಾಡಿದವರು. ಈ ಬಾರಿ ಅವರಿಗೂ ಒಪ್ಪಿಗೆಯಾಗಲಿಲ್ಲ. ನಿನ್ನೆಯ ಅಭಿಮಾನಿಯೇ ಇಂದಿನ ವಿರೋಧಿಯಾದುದನ್ನು ಚಂಚಲತೆಯೆಂದು ಹಳಿಯಲಾಗದು. ವಾದಕನು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಶ್ರೋತೃವೂ ಇಡಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಸಾಲದುದಕ್ಕೆ ದೈರ್ಘ್ಯದ ಬಗೆಗಿನ ಆಕ್ಷೇಪದಲ್ಲಿ ಹುರುಳಿದೆ: ರಾತ್ರಿಯ ಕಛೇರಿಯಲ್ಲಿ ವಾದಕನ ಬೆವರನ್ನೂ ಮುಖಭಾವವನ್ನೂ ಕಾಣುತ್ತಾ ಕೇಳುವವನಿಗೆ ಮುಕ್ಕಾಲು ಗಂಟೆಯೂ ಕ್ಷಣವಾದೀತು, ಅದನ್ನೇ ಮನೆಯಲ್ಲಿ ಯಂತ್ರದ ಮುಂದೆ ಕುಳಿತು ಕೇಳುವವನು ಆ ಸಾನ್ನಿಧ್ಯವಿಲ್ಲದೆ ಬಳಲುತ್ತಾನೆ.

ನಾದಗುಣದ ವಿಚಾರ ಬಂದಾಗ ಮಾತ್ರ ವಿರೋಧಿಗಳ ಪಕ್ಷವು ನನಗೆ ದುರ್ಬಲವಾಗಿ ಕಾಣುತ್ತದೆ. ಇಂಗ್ಲೆಂಡಿನ ಕವಿ ಫಿಲಿಪ್ ಲಾರ್ಕಿನ್ 1961ರಿಂದ ಸುಮಾರು ಹತ್ತು ವರ್ಷ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಗೆ ಜಾಝ್ ವಿಮರ್ಶೆ ಬರೆದರು. ಯೌವನದಲ್ಲಿ ಹಳೆಯ ಜಾಝ್‌ಗೆ ಮನಸೋತಿದ್ದ ಆತನಿಗೆ ಕೋಲ್ಟ್ರೇನರ ಸ್ಯಾಕ್ಸೋಫೋನು ಕಲೆಯ ಅಧಃಪತನದ ಲಾಂಛನವಾಗಿ ಕಂಡಿತು. ಕುರೂಪವನ್ನು ಬುದ್ಧಿಪೂರ್ವಕವಾಗಿ ಆರಾಧಿಸುವ ಆಧುನಿಕತೆಗೆ ಅವರು ಕೋಲ್ಟ್ರೇನರನ್ನು ಸೇರಿಸಿಬಿಟ್ಟರು. ಇಷ್ಟು ಪ್ರತಿಭಾವಂತನಾದ ಕವಿಗೆ ಆ ಕೂಗಿನ ಹಿಂದಿನ ಇಗರ್ಜಿ ಕೇಳಿಸದೆ ಹೋಯಿತೇ ಎಂದು ನಾನು ವ್ಯಥೆಪಡುತ್ತೇನೆ. ಕೋಲ್ಟ್ರೇನರ ತಾತಂದಿರಿಬ್ಬರೂ ಕರಿಯರ ಮೆಥಡಿಸ್ಟ್ ಇಗರ್ಜಿಯ ಉಪದೇಶಕರು. ಉಪದೇಶವು ಮಾತಿನಿಂದ ಹಾಡಿಗೂ ಹಾಡಿನಿಂದ ಉದ್ಗಾರಕ್ಕೂ ಏರುತ್ತಾ ಹೋಗುವ ಪರಂಪರೆ ಆ ಇಗರ್ಜಿಗಳದ್ದು. 1963ರ ಸೆಪ್ಟೆಂಬರ್ 15ರಂದು ಅಲಬಾಮಾ ಪ್ರಾಂತದ ಬರ್ಮಿಂಗ್‌ಹ್ಯಾಮಿನಲ್ಲಿ ವರ್ಣದ್ವೇಷಿಗಳು ಇಗರ್ಜಿಯೊಂದಕ್ಕೆ ಬಾಂಬಿಟ್ಟು ನಾಲ್ವರು ಹುಡುಗಿಯರನ್ನು ಕೊಂದರು. ಎರಡು ತಿಂಗಳ ತರುವಾಯ ಕೋಲ್ಟ್ರೇನರು ‘ಅಲಬಾಮಾ’ ಎಂಬ ಕೃತಿಯನ್ನು ಮುದ್ರಿಸಿದರು. ಅದರಲ್ಲಿ ಚೀತ್ಕಾರವೆಂಬುದೇ ಇಲ್ಲ. ತಗ್ಗಿದ ಧ್ವನಿಯಲ್ಲಿ, ತಡೆತಡೆದು, ಶೋಕವು ತನ್ನನ್ನು ತಾನೇ ಸಂಭಾಳಿಸಿಕೊಂಡು ನುಡಿಯುತ್ತದೆ. ಇಂಥ ಸಂಯಮವುಳ್ಳವನು ಮತ್ತೊಂದೆಡೆ ಕೂಗಿದರೆ, ಕೂಗದೆ ಇರಲು ಬಾರದೆ ಕೂಗಿದನೆಂದು ಹೇಳುವುದು ಅನ್ಯಾಯ.

ಹಾಗೆಂದು ಕೋಲ್ಟ್ರೇನರ ಕೊನೆಯ ಎರಡು ವರ್ಷಗಳನ್ನು ಕಣ್ಮುಚ್ಚಿ ಸ್ತುತಿಸುವ ಭಕ್ತವೃಂದವನ್ನೂ ನಾನು ಸೇರಲಾರೆ. 1964ರ ಡಿಸೆಂಬರ್ 9ರಂದು ಮುದ್ರಿತವಾದ ‘ಎ ಲವ್ ಸುಪ್ರೀಮ್’ ಎಂಬ ನಾಲ್ಕು ಭಾಗಗಳ ಭಗವದರ್ಪಣವು ಎರಡು ಪಕ್ಷಗಳನ್ನೂ ಬಹುಮಟ್ಟಿಗೆ ಒಂದುಗೂಡಿಸಿತ್ತು. ಮುಂದಿನ ಜೂನ್ ತಿಂಗಳಲ್ಲಿ ಒಟ್ಟು ಹನ್ನೊಂದು ಮಂದಿ ಸೇರಿ ನುಡಿಸಿದ ‘ಅಸೆನ್ಷನ್’ ಆ ಐಕ್ಯವನ್ನು ಒಡೆಯಿತು. ಹೊರಗಿನವರ ಮಾತಿರಲಿ, ವರ್ಷಗಟ್ಟಲೆ ಆತನೊಡನೆ ಉಸಿರುಸಿರಿಗೆ ಹೊಂದಿ ನುಡಿಸಿದ್ದ ಟೈನರ್ 1965ರ ಕೊನೆಗೂ ಎಲ್ವಿನ್ ಜೋನ್ಸ್ 1966ರ ಆರಂಭಕ್ಕೂ ತಂಡವನ್ನು ಬಿಟ್ಟರು. ಎರಡು ಡ್ರಮ್ಸ್‌ಗಳ ಆರ್ಭಟದಲ್ಲಿ ತಮ್ಮ ಪಿಯಾನೋ ತಮಗೇ ಕೇಳಿಸುತ್ತಿರಲಿಲ್ಲವೆಂಬುದು ಟೈನರರ ಅಳಲು. ವೇದಿಕೆಯ ಮೇಲಣ ಆಪ್ತರಿಗೇ ಹೀಗಾದ ಮೇಲೆ ಟಿಕೆಟು ಕೊಂಡು ಬಂದು ಎದ್ದುಹೋದ ಸಭಿಕರನ್ನು ಅರಸಿಕರೆಂದು ಜರೆಯುವುದು ತರವಲ್ಲ. ನನ್ನ ಅಭಿಪ್ರಾಯದಲ್ಲಿ ‘ಅಸೆನ್ಷನ್’ನಲ್ಲಿ ಒಬ್ಬೊಬ್ಬರ ಏಕಾಂಗವಾದನಗಳ ನಡುವೆ ಬರುವ ಸಮೂಹಘೋಷವು ಮೊದಲ ಸಲ ದಿಗ್ಭ್ರಮೆಯನ್ನುಂಟುಮಾಡಿ, ಮತ್ತೆ ಮತ್ತೆ ಬಂದಾಗ ಶಕ್ತಿಗುಂದುತ್ತದೆ. ಆದರೆ 1967ರ ಫೆಬ್ರವರಿಯಲ್ಲಿ, ಮರಣಕ್ಕೆ ಕೆಲವೇ ತಿಂಗಳ ಮೊದಲು, ಡ್ರಮ್ಸ್ ವಾದಕ ರಷೀದ್ ಅಲಿಯವರೊಬ್ಬರನ್ನೇ ಜೊತೆಗಿಟ್ಟುಕೊಂಡು ನುಡಿಸಿದ ‘ಇಂಟರ್‌ಸ್ಟೆಲರ್ ಸ್ಪೇಸ್’ ನಿಚ್ಚಳವಾಗಿದೆ. ಅಲ್ಲಿ ಒಂದೊಂದು ಸ್ವರಖಂಡವೂ ಹೇಗೆ ಬೆಳೆಯಿತೆಂಬುದನ್ನು ಕಿವಿಯು ಹಿಂಬಾಲಿಸಬಲ್ಲದು. ಅದೇ ವರ್ಷದ ಜುಲೈ 17ರಂದು, 40ನೆಯ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ಅವರು ತೀರಿಕೊಂಡರು.

ನಮ್ಮ ದೇಶದ ಮಹಾವಾದಕರೊಬ್ಬರೂ ಈ ಶ್ರೋತೃಗಳ ಸಾಲಿನಲ್ಲಿದ್ದರು. ಸಿತಾರ್ ವಿದ್ವಾಂಸ ರವಿಶಂಕರರನ್ನು ಕೋಲ್ಟ್ರೇನರು ಗುರುಸಮಾನರೆಂದು ಭಾವಿಸಿ, 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ನಾಮಕರಣ ಮಾಡಿದರು. ರವಿಶಂಕರರಲ್ಲಿ ಕ್ರಮವಾಗಿ ಕಲಿಯಬೇಕೆಂಬ ಹಂಬಲವೂ ಕೋಲ್ಟ್ರೇನರಿಗೆ ಇತ್ತು. ರವಿಶಂಕರರು ಆ ವಿನಯಕ್ಕೂ ಜಿಜ್ಞಾಸೆಗೂ ಮಾರುಹೋದರು. ಆದರೆ ವಾದನವನ್ನು ಕೇಳಿದಾಗ ಅದರೊಳಗಿನ ಕ್ಷೋಭೆ ಅವರನ್ನು ಕಲಕಿತು. ಇಷ್ಟು ಸಾತ್ವಿಕನಾದವನ ಸಂಗೀತದಲ್ಲಿ ಈ ತಳಮಳವೇಕೆಂದು ಅವರು ಅಚ್ಚರಿಪಟ್ಟರು. ರಸದ ಪರ್ಯವಸಾನವು ಶಾಂತಿಯಲ್ಲಿಯೇ ಆಗಬೇಕೆಂಬ ನಮ್ಮ ಸಂಸ್ಕಾರಕ್ಕೂ, ಶಾಂತಿಯ ಅನ್ವೇಷಣೆಯ ಯಾತನೆಯನ್ನೇ ನಾದವಾಗಿಸಿದ ಕೋಲ್ಟ್ರೇನರ ಸಂಸ್ಕಾರಕ್ಕೂ ಇರುವ ದೂರವನ್ನು ಈ ಸಂದರ್ಭವು ತೋರಿಸುತ್ತದೆ. ಟೈನನ್ನರ ನಿರಾಕರಣೆಗಿಂತ ಈ ಅಚ್ಚರಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ; ಅದು ಬಾಗಿಲನ್ನು ಮುಚ್ಚಲಿಲ್ಲ.

ಕನ್ನಡನಾಡಿಗೂ ಈ ವಾದ್ಯದ ಚರ್ಚೆಯಲ್ಲಿ ಪಾಲಿದೆ. ಬಂಟ್ವಾಳದ ಸಜೀಪ ಗ್ರಾಮದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು, ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಒಲಿದು, ಗಮಕಗಳಿಗೆ ಬಗ್ಗದ ವಾದ್ಯವಿದೆಂಬ ಸಂಶಯವನ್ನು ದಶಕಗಳ ಸಾಧನೆಯಿಂದ ಅಳಿಸಿದರು. ಕರ್ನಾಟಕದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಭೌತವಿಜ್ಞಾನಿಯೊಬ್ಬರ ಮಗನಾಗಿ 1971ರಲ್ಲಿ ಹುಟ್ಟಿದ ರುದ್ರೇಶ್ ಮಹಾಂತಪ್ಪನವರು ಪಾರ್ಕರ್ ಮತ್ತು ಕೋಲ್ಟ್ರೇನರ ಪರಂಪರೆಯ ಆಲ್ಟೊ ವಾದಕರು; 2004ರ ‘ಮದರ್ ಟಂಗ್’ ಎಂಬ ಸಂಕಲನದಲ್ಲಿ ಭಾರತೀಯ ಭಾಷೆಗಳನ್ನಾಡುವವರ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿ ರಚನೆಗಳನ್ನು ಮಾಡಿದ ಅವರು, ಅವುಗಳಲ್ಲೊಂದಕ್ಕೆ ‘ಕನ್ನಡ’ ಎಂದೇ ಹೆಸರಿಟ್ಟಿದ್ದಾರೆ. ಈ ಇಬ್ಬರು ಜೊತೆಗೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದಿತು. ಒಬ್ಬರು ರಾಗದ ಮರ್ಯಾದೆಯೊಳಗೆ, ಇನ್ನೊಬ್ಬರು ಅದರ ಅಂಚಿನಲ್ಲಿ, ಒಂದೇ ವಾದ್ಯವನ್ನು ಹಿಡಿದು ಎದುರುಬದುರಾಗಿ ನಿಂತುದನ್ನು ಕೇಳುವಾಗ, ಎರಡು ಬಗೆಯ ಮನೋಧರ್ಮಗಳ ವ್ಯತ್ಯಾಸವು ವಿಮರ್ಶಕರ ಬರಹಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಈ ಸಂಗೀತದ ಹತ್ತಿರ ಹೋಗಬೇಕೆನ್ನುವ ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ‘ಅಸೆನ್ಷನ್’ನಿಂದ ಆರಂಭಿಸಬೇಡಿರಿ, ಅದರಿಂದ ಆರಂಭಿಸಿದವರು ಬಹಳ ಮಂದಿ ಅಲ್ಲಿಗೇ ಮುಗಿಸಿದ್ದಾರೆ. ಮೊದಲು ‘ಅಲಬಾಮಾ’; ಆಮೇಲೆ, ಎಲ್ಲರೂ ಬಲ್ಲ ನಾಟಕಗೀತೆಯೊಂದನ್ನು ಸೊಪ್ರಾನೊ ಸ್ಯಾಕ್ಸೋಫೋನಿನಲ್ಲಿ ಹದಿಮೂರು ನಿಮಿಷಗಳಿಗೂ ಮಿಕ್ಕಿ ವಿಸ್ತರಿಸಿದ 1960ರ ‘ಮೈ ಫೇವರಿಟ್ ಥಿಂಗ್ಸ್’; ಅದು ಪಳಗಿದ ಮೇಲೆ ‘ಚೇಸಿನ್ ದ ಟ್ರೇನ್’. ಇದನ್ನು ಮೊದಲ ಸಲ ಕೇಳುವಾಗ ಸ್ಯಾಕ್ಸೋಫೋನನ್ನು ಅದರ ಪಾಡಿಗೆ ಬಿಟ್ಟು, ಗ್ಯಾರಿಸನ್ನರ ಬೇಸನ್ನು ಮಾತ್ರ ಹಿಡಿದು ಹನ್ನೆರಡು ಹನ್ನೆರಡು ಬಾರ್‌ಗಳನ್ನು ಎಣಿಸಿರಿ; ಎರಡನೆಯ ಸಲ ಕೋಲ್ಟ್ರೇನರನ್ನು ಕೇಳಿರಿ. ಹದಿನಾರು ನಿಮಿಷ ಮುಗಿಯುವವರೆಗೆ, ಎರಡು ಸಲವೂ, ನಡುವೆ ನಿಲ್ಲಿಸಬೇಡಿರಿ.